ಯೂರೆಸ್ ರಿವ್ಯೂ: ಯುರೋಪಿನ ಸರ್ಕಾರಿ ಜಾಬ್ ಸರ್ವಿಸ್ ಬಗ್ಗೆ, ರೈನ್ ನದಿ ಪಕ್ಕದ ಊರಿಂದ

ರೇಟಿಂಗ್: 5 ಕ್ಕೆ 3.5. ಮಾಹಿತಿಗೆ ಮಾತ್ರ ಕೊಡೋದಾದ್ರೆ ಪೂರ್ತಿ 5 ಕೊಡ್ತೀನಿ.

ಯೂರೆಸ್ ಅಂದ್ರೆ ಯುರೋಪಿಯನ್ ಯೂನಿಯನ್ನಿನವರು ನಡೆಸೋ ಉದ್ಯೋಗ ಜಾಲ. ಲಿಂಕ್ಡ್‌ಇನ್ ಥರ ಖಾಸಗಿ ಕಂಪನಿ ಅಲ್ಲ, ಸರ್ಕಾರದ್ದೇ. 1990ರ ದಶಕದಲ್ಲೇ ಶುರುವಾಗಿದ್ದು, ಈಗ ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿರೋ ಯುರೋಪಿಯನ್ ಲೇಬರ್ ಅಥಾರಿಟಿ ಇದನ್ನ ನೋಡ್ಕೊಳ್ಳುತ್ತೆ. ಯೂನಿಯನ್ನಿನ 27 ದೇಶ, ಜೊತೆಗೆ ನಾರ್ವೆ, ಐಸ್‌ಲ್ಯಾಂಡ್, ಲಿಕ್ಟನ್‌ಸ್ಟೈನ್, ಸ್ವಿಟ್ಜರ್‌ಲ್ಯಾಂಡ್, ಒಟ್ಟು 31 ದೇಶದ ಸರ್ಕಾರಿ ಉದ್ಯೋಗ ಕಚೇರಿಗಳಿಗೆ ಬರೋ ಕೆಲಸದ ಜಾಹೀರಾತುಗಳೆಲ್ಲ ಒಂದೇ ಕಡೆ ಸಿಗುತ್ತೆ. ಕೆಲಸ ಹುಡುಕೋರಿಗೂ ಫ್ರೀ, ಕೆಲಸ ಕೊಡೋರಿಗೂ ಫ್ರೀ. ಈ ಫ್ರೀ ಅನ್ನೋದನ್ನ ಮೊದಲೇ ಒತ್ತಿ ಹೇಳ್ತಿದೀನಿ, ಯಾಕಂದ್ರೆ ನಮ್ಮ ಪರಿಚಯದವರೊಬ್ಬರು ಊರಲ್ಲಿ ಒಬ್ಬ ಏಜೆಂಟ್‌ಗೆ ದುಡ್ಡು ಕೊಟ್ಟು "ಯುರೋಪ್ ಜಾಬ್ ಲಿಸ್ಟ್" ಅಂತ ತಗೊಂಡಿದ್ರು, ತೆಗೆದು ನೋಡಿದ್ರೆ ಎಲ್ಲ ಈ ಥರ ಸರ್ಕಾರಿ ಸೈಟುಗಳಲ್ಲಿ ಯಾರು ಬೇಕಾದ್ರೂ ನೋಡಬಹುದಾದ ಜಾಹೀರಾತುಗಳೇ. ದಯವಿಟ್ಟು ಯಾರೂ ಹಂಗೆ ದುಡ್ಡು ಕೊಡಬೇಡಿ.

ನಾವಿರೋದು ಜರ್ಮನಿ ಫ್ರಾನ್ಸ್ ಗಡಿ ಹತ್ರ, ರೈನ್ ನದಿ ಈಚೆ ಕಡೆ. ನದಿ ಆಚೆ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್. 2017 ರಿಂದ ಸ್ಟ್ರಾಸ್‌ಬರ್ಗ್ ಟ್ರಾಮ್ ನದಿ ದಾಟಿ ಜರ್ಮನಿಯ ಕೇಲ್ ಊರಿಗೇ ಬರುತ್ತೆ. ಎರಡೂ ಕಡೆ ಅದೇ ಯೂರೋ ನೋಟು, ಸಾಮಾನ್ಯವಾಗಿ ಪಾಸ್‌ಪೋರ್ಟ್ ಕೇಳೋರೂ ಇರಲ್ಲ. ನನಗೆ ಇಲ್ಲಿ ಬ್ಲೂ ಕಾರ್ಡ್ (ಓದಿದ ಹೊರದೇಶದವರಿಗೆ ಕೊಡೋ ಕೆಲಸದ ಪರ್ಮಿಟ್) ಇದೆ, ನನ್ನ ಹೆಂಡತಿ ಡಿಪೆಂಡೆಂಟ್ ಪರ್ಮಿಟ್‌ನಲ್ಲಿದಾಳೆ, ಅವಳು ಜರ್ಮನಿಲಿ ಯಾವ ಕೆಲಸ ಬೇಕಾದ್ರೂ ಮಾಡಬಹುದು. ಸ್ಟ್ರಾಸ್‌ಬರ್ಗ್ ಕಡೆ ಏನಾದ್ರೂ ಸಿಗುತ್ತಾ ನೋಡೋಣ ಅಂತ ಅವಳು ಹುಡುಕಕ್ಕೆ ಶುರು ಮಾಡಿದಾಗ ಯೂರೆಸ್‌ನ ಸರಿಯಾಗಿ ಬಳಸಿದ್ದು. ಬಳಸ್ತಾ ಬಳಸ್ತಾ ನಂಗೆ ಇದರ ಹಿಂದಿರೋ ದೊಡ್ಡ ವಿಷಯದ ಬಗ್ಗೆ ತುಂಬಾ ಆಸಕ್ತಿ ಬಂತು, ಅದನ್ನೂ ಸೇರಿಸಿ ಬರೀತೀನಿ, ಅದು ಬಿಟ್ಟು ಈ ಸರ್ವಿಸ್‌ನ ಅಳೆಯೋಕೆ ಆಗಲ್ಲ ಅನ್ಸುತ್ತೆ.

ಮೊದಲು ಬಳಕೆ ಬಗ್ಗೆ. ಕೆಲಸ ಹುಡುಕಕ್ಕೆ ಲಾಗಿನ್ ಬೇಕಾಗಿಲ್ಲ. ದೇಶ, ಕೆಲಸದ ಹೆಸರು, ಫುಲ್ ಟೈಮ್ ಪಾರ್ಟ್ ಟೈಮ್, ಕಾಂಟ್ರಾಕ್ಟ್ ಎಂಥದ್ದು, ಅನುಭವ ಎಷ್ಟು ಅಂತ ಫಿಲ್ಟರ್ ಹಾಕಬಹುದು. ಸೈಟು 26 ಭಾಷೇಲಿ ಇದೆ. ಕೆಲಸಗಳನ್ನ ಎಸ್ಕೋ ಅಂತ ಒಂದು ಯುರೋಪಿಯನ್ ಪಟ್ಟಿ ಪ್ರಕಾರ ವಿಂಗಡಿಸಿರ್ತಾರೆ, ಅಂದ್ರೆ ಜರ್ಮನ್‌ನಲ್ಲಿ ಒಂದು ಹೆಸರು ಫ್ರೆಂಚ್‌ನಲ್ಲಿ ಇನ್ನೊಂದು ಹೆಸರು ಇದ್ರೂ ಅದೇ ಕೆಲಸ ಅಂತ ಗೊತ್ತಾಗ್ಲಿ ಅಂತ. ಯೂರೋಪಾಸ್ ಅಂತ ಯೂನಿಯನ್ನಿನದ್ದೇ ಮಾದರಿಲಿ ರೆಸ್ಯೂಮ್ ಮಾಡ್ಕೊಂಡ್ರೆ ಅದನ್ನೇ ಇಲ್ಲಿ ಹಾಕಬಹುದು. ನೋಡಕ್ಕೆ ಸರ್ಕಾರಿ ಸೈಟ್ ಥರಾನೇ ಇದೆ, ಪೇಜ್ ಮೇಲೆ ಪೇಜ್, ಆದ್ರೆ ಜಾಹೀರಾತು ಕಾಟ ಇಲ್ಲ, ಪ್ರೀಮಿಯಂ ತಗೋ ಅಂತ ಹಿಂದೆ ಬೀಳೋರು ಇಲ್ಲ.

ನಂಗೆ ಇದರಲ್ಲಿ ಅತಿ ಇಷ್ಟ ಆಗಿದ್ದು ಕೆಲಸದ ಲಿಸ್ಟ್ ಅಲ್ಲ. ಒಂದೊಂದು ದೇಶದಲ್ಲೂ ಬದುಕೋದು, ಕೆಲಸ ಮಾಡೋದು ಹೇಗೆ ಅಂತ ಒಂದು ವಿಭಾಗ ಇದೆ, ಅದು ಬಂಗಾರ. ಕಾಂಟ್ರಾಕ್ಟ್‌ಗಳಲ್ಲಿ ಎಷ್ಟು ವಿಧ, ಕೆಲಸದಿಂದ ತೆಗೆಯೋಕೆ ನಿಯಮ ಏನು, ಟ್ಯಾಕ್ಸ್ ಹೇಗೆ, ಬಾಡಿಗೆ ಮನೆ, ಮಕ್ಕಳ ಸ್ಕೂಲು, ಹೆರಿಗೆ ರಜೆ, ಕೆಲಸ ಹೋದ್ರೆ ಎಷ್ಟು ಭತ್ಯೆ ಎಲ್ಲ ಇರುತ್ತೆ. ಒಂದೊಂದು ದೇಶದ ಪುಟ ಓದ್ತಾ ಹೋದ್ರೆ ಗೊತ್ತಾಗುತ್ತೆ, ಯೂರೋ ಬಳಸೋ ದೇಶಗಳಲ್ಲಿ ನೋಟು ಒಂದೇ ಆದ್ರೂ ಕೆಲಸದ ಕಾನೂನು ಒಂದೊಂದು ದೇಶಕ್ಕೆ ಒಂದೊಂದು ಅಂತ. ಬಡ್ಡಿ ದರ ಮಾತ್ರ ಫ್ರಾಂಕ್‌ಫರ್ಟ್‌ನಲ್ಲಿರೋ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಎಲ್ಲರಿಗೂ ಸೇರಿಸಿ ಒಂದೇ ಇಡುತ್ತೆ.

ಇಲ್ಲೇ ಇರೋದು ಸಮಸ್ಯೆ. ರಾಬರ್ಟ್ ಮಂಡೆಲ್ ಅನ್ನೋ ಅರ್ಥಶಾಸ್ತ್ರಜ್ಞ 1961 ರಲ್ಲೇ ಹೇಳಿದ್ರು, ಹಲವು ಪ್ರದೇಶ ಒಂದೇ ಕರೆನ್ಸಿ ಇಟ್ಕೋಬೇಕು ಅಂದ್ರೆ ಅವುಗಳ ನಡುವೆ ಜನ ಕೆಲಸಕ್ಕಾಗಿ ಸುಲಭವಾಗಿ ಓಡಾಡೋ ಹಾಗಿರಬೇಕು ಅಂತ. ಯಾಕೆ ಅಂದ್ರೆ, ಮೊದಲು ಗ್ರೀಸ್‌ಗೆ ಅದರದ್ದೇ ದ್ರಾಕ್ಮಾ ಇತ್ತು, ಸ್ಪೇನ್‌ಗೆ ಪೆಸೆಟಾ ಇತ್ತು, ಆರ್ಥಿಕತೆ ಕುಸಿದ್ರೆ ಕರೆನ್ಸಿ ಬೆಲೆ ಇಳಿಸಿ, ತಮ್ಮ ಮಾಲು ಹೊರಗಿನವರಿಗೆ ಅಗ್ಗ ಮಾಡಿ ಮೆಲ್ಲಗೆ ಎದ್ದು ನಿಲ್ತಿದ್ರು. ಯೂರೋಗೆ ಬಂದ ಮೇಲೆ ಆ ದಾರಿ ಮುಚ್ಚೋಯ್ತು. ಆಮೇಲೆ ಉಳಿಯೋದು ಮೂರೇ ದಾರಿ: ಜನ ಕೆಲಸ ಇರೋ ಕಡೆ ಹೋಗಬೇಕು, ಇಲ್ಲ ಸಂಬಳ ಇಳೀಬೇಕು, ಇಲ್ಲ ಬೇರೆ ಕಡೆಯಿಂದ ದುಡ್ಡು ಬರಬೇಕು. ಯೂರೆಸ್ ಅನ್ನೋದು ಮೊದಲನೇ ದಾರಿಗೆ ಹಾಕಿರೋ ರಸ್ತೆ. ಆ ರಸ್ತೆ ಎಷ್ಟು ಅಗಲ ಇದೆ ಅನ್ನೋದೇ ನನ್ನ ರಿವ್ಯೂ.

2013 ನೆನಪು ಮಾಡ್ಕೊಳ್ಳಿ, ಯೂರೋ ದೇಶಗಳ ಸಾಲದ ಬಿಕ್ಕಟ್ಟಿನ ಕಾಲ. ಸ್ಪೇನ್‌ನಲ್ಲಿ ನಿರುದ್ಯೋಗ ಶೇ. 26 ರ ಹತ್ರ, ಗ್ರೀಸ್‌ನಲ್ಲಿ ಶೇ. 27 ರ ಹತ್ರ, ಆ ಎರಡೂ ದೇಶದಲ್ಲಿ 25 ವರ್ಷದೊಳಗಿನ ಕೆಲಸ ಹುಡುಕೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಕೆಲಸ ಇಲ್ಲ. ಅದೇ ವರ್ಷ ಜರ್ಮನಿಲಿ ಶೇ. 5 ರ ಆಸುಪಾಸು, ಬವೇರಿಯಾ, ಬಾಡೆನ್ ಕಡೆ ಕಂಪನಿಗಳು ಜನ ಸಿಗ್ತಿಲ್ಲ ಅಂತಿದ್ವು. ಇಂಥ ಅಂತರ ಇದ್ದಾಗಲೂ ಯುರೋಪಿನೊಳಗೆ ಬೇರೆ ದೇಶಕ್ಕೆ ಹೋಗಿ ನೆಲೆಸಿರೋರು ಕಡಿಮೆ, ಇವತ್ತಿಗೂ ದುಡಿಯೋ ವಯಸ್ಸಿನ ಯೂನಿಯನ್ ಪೌರರಲ್ಲಿ ಸುಮಾರು ಶೇ. 4 ಮಾತ್ರ ಇನ್ನೊಂದು ಸದಸ್ಯ ದೇಶದಲ್ಲಿ ಇರೋದು. ಹೋದವರಲ್ಲೂ ಎಷ್ಟೋ ಜನ ಯೂರೋ ದೇಶಗಳಿಗೇ ಹೋಗ್ಲಿಲ್ಲ, ಐರಿಷ್ ಹುಡುಗರು ಆಸ್ಟ್ರೇಲಿಯಾ, ಕೆನಡಾ, ಲಂಡನ್ ಅಂತ ಹೋದ್ರು, ಯಾಕಂದ್ರೆ ಇಂಗ್ಲಿಷ್.

ಜನ ಓಡಾಡದಿದ್ರೆ ಎರಡನೇ ದಾರಿ ತಾನಾಗೇ ಬರುತ್ತೆ, ಸಂಬಳ ಇಳಿಯೋದು. ಗ್ರೀಸ್‌ನಲ್ಲಿ 2012 ರಲ್ಲಿ ತಿಂಗಳ ಕನಿಷ್ಠ ವೇತನ 751 ಯೂರೋ ಇದ್ದಿದ್ದನ್ನ ಒಂದೇ ಏಟಿಗೆ 586 ಕ್ಕೆ ಇಳಿಸಿದ್ರು, ಶೇ. 22 ಕಡಿತ. 25 ವರ್ಷದೊಳಗಿನವರಿಗೆ ಶೇ. 32. ಸ್ವಲ್ಪ ಯೋಚನೆ ಮಾಡಿ, ಬಾಡಿಗೆ ಅಷ್ಟೇ, ಸಾಲದ ಕಂತು ಅಷ್ಟೇ, ಸಂಬಳ ಮಾತ್ರ ಕಾಲು ಭಾಗದಷ್ಟು ಹೋಯ್ತು. ಕರೆನ್ಸಿ ಬೆಲೆ ಇಳಿದ್ರೆ ಹೊರೆ ಹೆಚ್ಚುಕಮ್ಮಿ ಎಲ್ಲರ ಮೇಲೂ ಬೀಳುತ್ತೆ, ಇಲ್ಲಿ ದುಡಿಯೋರ ಮೇಲೆ, ಅದರಲ್ಲೂ ಚಿಕ್ಕ ವಯಸ್ಸಿನವರ ಮೇಲೆ ಬಿತ್ತು. ಇದಕ್ಕೆ "ಲೇಬರ್ ಮಾರ್ಕೆಟ್ ಫ್ಲೆಕ್ಸಿಬಿಲಿಟಿ" ಅಂತ ಚೆನ್ನಾಗಿರೋ ಹೆಸರು ಕೊಟ್ರು. ನಂಗೆ ಇದು ಸರಿ ಅನ್ಸಲ್ಲ, ನೇರವಾಗೇ ಹೇಳ್ತೀನಿ.

ಸ್ಪೇನ್ ಕಥೆ ಬೇರೆ ಥರ. ಅಲ್ಲಿ ಒಂದೇ ಆಫೀಸಲ್ಲಿ ಎರಡು ಜಾತಿ ನೌಕರರು, ಒಬ್ಬರು ಪರ್ಮನೆಂಟ್, ತೆಗೆದ್ರೆ ಜಾಸ್ತಿ ಪರಿಹಾರ ಕೊಡಬೇಕು, ಇನ್ನೊಬ್ಬರು ಟೆಂಪರರಿ, ಕಾಂಟ್ರಾಕ್ಟ್ ಮುಗಿದ್ರೆ ಮನೆಗೆ. ಬಿಕ್ಕಟ್ಟು ಬಂದಾಗ ಎರಡನೇ ಗುಂಪೇ ಮೊದಲು ಹೊರಗೆ ಹೋಯ್ತು. 2012 ರಲ್ಲಿ ರಹೋಯ್ ಸರ್ಕಾರ ಅನ್ಯಾಯವಾಗಿ ತೆಗೆದಾಗ ಕೊಡೋ ಪರಿಹಾರವನ್ನ ವರ್ಷಕ್ಕೆ 45 ದಿನದ ಸಂಬಳದಿಂದ 33 ಕ್ಕೆ ಇಳಿಸ್ತು, ಅಂದ್ರೆ ತೆಗೆಯೋದನ್ನ ಸುಲಭ ಮಾಡ್ತು. ಆಮೇಲೆ 2021ರ ಕೊನೇಲಿ ಸಾಂಚೆಜ್ ಸರ್ಕಾರ ಕಾರ್ಮಿಕ ಸಂಘಗಳು ಮತ್ತು ಮಾಲೀಕರ ಸಂಘಗಳ ಜೊತೆ ಕೂತು ಇನ್ನೊಂದು ತಿದ್ದುಪಡಿ ತಂತು, ಟೆಂಪರರಿ ಕಾಂಟ್ರಾಕ್ಟ್ ಯಾವಾಗ ಕೊಡಬಹುದು ಅನ್ನೋದನ್ನ ಬಿಗಿ ಮಾಡಿದ್ರು. ಮೊದಲು ನೌಕರರಲ್ಲಿ ಕಾಲು ಭಾಗದ ಹತ್ರ ಟೆಂಪರರಿ ಇದ್ರು, ಆಮೇಲೆ ಆ ಪಾಲು ಚೆನ್ನಾಗೇ ಇಳೀತು. ಪಾರ್ಲಿಮೆಂಟಲ್ಲಿ ಅದು ಒಂದೇ ಒಂದು ಓಟಿನಿಂದ ಪಾಸಾಗಿದ್ದು. ನೀವು ಯೂರೆಸ್‌ನಲ್ಲಿ ಸ್ಪೇನ್ ಕೆಲಸ ನೋಡ್ತಿದ್ರೆ ಕಾಂಟ್ರಾಕ್ಟ್ ವಿಧ ಅನ್ನೋ ಸಾಲು ತಪ್ಪದೆ ಓದಿ, ಆ ಒಂದು ಸಾಲಲ್ಲಿ ಇಷ್ಟೆಲ್ಲ ಇತಿಹಾಸ ಇದೆ.

ಜರ್ಮನಿಯೂ ಮೊದಲಿಂದ ಹೀಗಿರ್ಲಿಲ್ಲ. 2003 ರಿಂದ 2005 ರ ತನಕ ಶ್ರೋಡರ್ ಸರ್ಕಾರ ಹಾರ್ಟ್ಸ್ ಸುಧಾರಣೆ ತಂದು ನಿರುದ್ಯೋಗ ಭತ್ಯೆ ಬಿಗಿ ಮಾಡ್ತು, ಮಿನಿಜಾಬ್ ಅನ್ನೋ ಕಮ್ಮಿ ಸಂಬಳದ ಸಣ್ಣ ಪಾರ್ಟ್ ಟೈಮ್ ಕೆಲಸಗಳು ಹೆಚ್ಚಾದ್ವು. ಕಡಿಮೆ ಸಂಬಳದ ಕೆಲಸಗಳು ಎಷ್ಟು ಬೆಳೆದ್ವು ಅಂದ್ರೆ ಕೊನೆಗೆ 2015 ರಲ್ಲಿ ಮೊದಲ ಸಲ ದೇಶಕ್ಕೆಲ್ಲ ಒಂದೇ ಕನಿಷ್ಠ ವೇತನ ತರಬೇಕಾಯ್ತು, ಗಂಟೆಗೆ 8.50 ಯೂರೋ. ಇಲ್ಲಿ ಸಂಬಳ ವರ್ಷಗಟ್ಟಲೆ ಏರದೇ ಇದ್ದಿದ್ದಕ್ಕೆ ದಕ್ಷಿಣದ ದೇಶಗಳು ಪೈಪೋಟಿಲಿ ಹಿಂದೆ ಬಿದ್ವು ಅಂತ ಹೇಳೋರೂ ಇದಾರೆ, ನಂಗೆ ಅದರಲ್ಲಿ ಸತ್ಯ ಇದೆ ಅನ್ಸುತ್ತೆ, ಕರೆನ್ಸಿ ಒಂದೇ ಆದಾಗ ಒಬ್ಬರ ಸಂಬಳದ ನೀತಿ ಪಕ್ಕದವರ ಮೇಲೂ ಬೀಳುತ್ತಲ್ವಾ.

ಸರಿ, ಮತ್ತೆ ಸರ್ವಿಸ್‌ಗೆ ಬರ್ತೀನಿ. ಯೂರೆಸ್ ನಿಜವಾಗ್ಲೂ ಮಿಂಚೋದು ಗಡಿ ಪ್ರದೇಶಗಳಲ್ಲಿ. ಇಡೀ ಜಾಲದಲ್ಲಿ ಸಲಹೆಗಾರರು ಅಂತ ಇರ್ತಾರೆ, ಮನುಷ್ಯರು, ಬಾಟ್ ಅಲ್ಲ. ನಮ್ಮ ಕಡೆ ಗಡಿಯಾಚೆ ಈಚೆ ಎರಡಕ್ಕೂ ಸೇರಿ ಯೂರೆಸ್-ಟಿ ಓಬರ್‌ರೈನ್ ಅಂತ ಇದೆ. ಕೇಲ್‌ನಲ್ಲಿ 2013 ರಿಂದ ಜರ್ಮನ್ ಮತ್ತು ಫ್ರೆಂಚ್ ಉದ್ಯೋಗ ಕಚೇರಿಯವರು ಒಟ್ಟಿಗೆ ಕೂತು ಕೆಲಸ ಮಾಡೋ ವ್ಯವಸ್ಥೆನೂ ಇದೆ. ನಾವು ಕೇಳಿದ ಪ್ರಶ್ನೆಗಳಿಗೆ ಸಲಹೆಗಾರರು ತಾಳ್ಮೆಯಿಂದ ಉತ್ತರ ಕೊಟ್ರು, ಒಂದೊಂದೂ ಬಿಡಿಸಿ ಹೇಳಿದ್ರು: ಫ್ರಾನ್ಸ್‌ನಲ್ಲಿ ಮನೆ ಇದ್ದು ಜರ್ಮನಿಲಿ ಕೆಲಸ ಮಾಡಿದ್ರೆ ಸೋಶಿಯಲ್ ಇನ್ಶೂರೆನ್ಸ್ ಕೆಲಸ ಮಾಡೋ ದೇಶದಲ್ಲಿ ಕಟ್ಟಬೇಕು, ಆದ್ರೆ ಗಡಿ ವಲಯದೊಳಗೆ ದಿನಾ ಓಡಾಡೋರಾದ್ರೆ ಇನ್‌ಕಮ್ ಟ್ಯಾಕ್ಸ್ ಮಾತ್ರ ಮನೆ ಇರೋ ದೇಶದಲ್ಲಿ. ಕೆಲಸ ಪೂರ್ತಿ ಹೋದ್ರೆ ನಿರುದ್ಯೋಗ ಭತ್ಯೆ ಮನೆ ಇರೋ ದೇಶದಿಂದ. ವರ್ಕ್ ಫ್ರಮ್ ಹೋಮ್ ಮಾಡಿದ್ರೆ ಏನು ಅನ್ನೋದಕ್ಕೆ 2023 ಜುಲೈಯಿಂದ ಹಲವು ದೇಶಗಳ ನಡುವೆ ಒಪ್ಪಂದ ಆಗಿದೆ, ಅರ್ಧಕ್ಕಿಂತ ಕಮ್ಮಿ ಸಮಯ ಮನೆಯಿಂದ ಮಾಡಿದ್ರೆ ಸೋಶಿಯಲ್ ಇನ್ಶೂರೆನ್ಸ್‌ನ ಕೆಲಸ ಕೊಟ್ಟ ಕಂಪನಿ ಇರೋ ದೇಶದಲ್ಲೇ ಉಳಿಸ್ಕೋಬಹುದು, ಅರ್ಜಿ ಹಾಕಬೇಕು ಅಷ್ಟೆ. ಇಂಥ ಮಾಹಿತಿನ ಖಾಸಗಿ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ರ ಕೇಳಿದ್ರೆ ಗಂಟೆಗಿಷ್ಟು ಅಂತ ಬಿಲ್ ಬರುತ್ತೆ.

ಲಕ್ಸೆಂಬರ್ಗ್ ಇದಕ್ಕೆ ಇನ್ನೂ ದೊಡ್ಡ ಉದಾಹರಣೆ. ಅಲ್ಲಿ ದುಡಿಯೋರಲ್ಲಿ ಅರ್ಧದ ಹತ್ರ ಜನ ಪ್ರತಿದಿನ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಗಡಿ ದಾಟಿ ಬರ್ತಾರೆ. ಮನೆ ಬದಲಾಯಿಸದೆ, ಮಕ್ಕಳ ಸ್ಕೂಲ್ ಬಿಡಿಸದೆ, ಅಪ್ಪ ಅಮ್ಮನ ಬಿಟ್ಟು ಹೋಗದೆ ಕೆಲಸ ಮಾತ್ರ ಬೇರೆ ದೇಶದಲ್ಲಿ. ಮಂಡೆಲ್ ಹೇಳಿದ ಓಡಾಟ ಯೂರೋ ಪ್ರದೇಶದಲ್ಲಿ ನಿಜವಾಗಿ ನಡೀತಿರೋದು ಇಂಥ ಜಾಗಗಳಲ್ಲಿ ಅನ್ಸುತ್ತೆ.

ಆದ್ರೆ ಸ್ಟ್ರಾಸ್‌ಬರ್ಗ್ ಇರೋ ಆಲ್ಸಾಸ್ ಪ್ರಾಂತ್ಯದಲ್ಲೇ ನೋಡಿ, ಹಳೇ ತಲೆಮಾರಿನವರು ಆಲ್ಸೇಷಿಯನ್ ಮಾತಾಡ್ತಿದ್ರು, ಅದು ಜರ್ಮನ್ ಬಳಗದ್ದೇ, ಹಂಗಾಗಿ ಈ ಕಡೆ ಫ್ಯಾಕ್ಟರಿಗಳಿಗೆ ಸಲೀಸಾಗಿ ಬರ್ತಿದ್ರು. ಈಗಿನ ಹುಡುಗರಲ್ಲಿ ಹೆಚ್ಚಿನವರಿಗೆ ಆಲ್ಸೇಷಿಯನ್ ಬರಲ್ಲ. ಟ್ರಾಮ್ ಬಂದಿದೆ, ಭಾಷೆ ಹೋಗಿದೆ. ಪೋರ್ಟಲ್ ಎಷ್ಟು ಭಾಷೇಲಿದ್ರೂ ಕೆಲಸ ಕೇಳೋದು ಆ ಊರಿನ ಭಾಷೇನೇ. ಐಟಿ, ರಿಸರ್ಚ್ ಬಿಟ್ರೆ ಉಳಿದಿದ್ದಕ್ಕೆಲ್ಲ ಭಾಷೆ ಬೇಕೇ ಬೇಕು, ವಯಸ್ಸಾದವರನ್ನ ನೋಡ್ಕೊಳ್ಳೋ ಕೆಲಸಕ್ಕಂತೂ ಇನ್ನೂ ಬೇಕು. ಟಾರ್ಗೆಟೆಡ್ ಮೊಬಿಲಿಟಿ ಸ್ಕೀಮ್ ಅಂತ ಯೂರೆಸ್‌ದೇ ಒಂದು ಯೋಜನೆ ಇದೆ, ಇಂಟರ್‌ವ್ಯೂಗೆ ಹೋಗೋ ಖರ್ಚು, ಭಾಷೆ ಕೋರ್ಸ್, ಸರ್ಟಿಫಿಕೇಟ್ ಮಾನ್ಯತೆ ಖರ್ಚಿಗೆ ಸಹಾಯ ಮಾಡುತ್ತೆ. ಇದಕ್ಕೆ ದುಡ್ಡು ಈಗಿರೋದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಇಡಬೇಕು ಅನ್ನೋದು ನನ್ನ ಮನಸ್ಸಿನ ಮಾತು. ಅರ್ಧ ಪಾಯಿಂಟ್ ಇದಕ್ಕೇ ಕಟ್ ಮಾಡಿದೀನಿ.

ಇನ್ನೊಂದು ವಿಷಯ ಸರ್ಟಿಫಿಕೇಟು. ಡಾಕ್ಟರ್, ನರ್ಸ್, ಡೆಂಟಿಸ್ಟ್, ಪಶು ವೈದ್ಯರು, ಸೂಲಗಿತ್ತಿ ಅಂದ್ರೆ ಮಿಡ್‌ವೈಫ್, ಫಾರ್ಮಸಿಸ್ಟ್, ಆರ್ಕಿಟೆಕ್ಟ್, ಈ ಏಳು ವೃತ್ತಿಗೆ ಮಾತ್ರ ಒಂದು ಸದಸ್ಯ ದೇಶದಲ್ಲಿ ಓದಿದ್ದು ಇನ್ನೊಂದು ದೇಶದಲ್ಲಿ ಸರಾಗವಾಗಿ ನಡೆಯುತ್ತೆ. ಟೀಚರ್‌ಗೆ, ಎಲೆಕ್ಟ್ರಿಷಿಯನ್‌ಗೆ ಆಯಾ ದೇಶದಲ್ಲಿ ಮತ್ತೆ ಪರಿಶೀಲನೆ. ಇಲ್ಲಿ ನಮ್ಮವರು ಗಮನಿಸಬೇಕಾದ್ದು ಒಂದಿದೆ. ಮಂಗಳೂರು, ಉಡುಪಿ ಕಡೆ ನರ್ಸಿಂಗ್ ಓದಿ ಜರ್ಮನಿಗೆ ಬಂದು, ಇಲ್ಲಿ ಮಾನ್ಯತೆ ತಗೊಂಡು ಕೆಲಸ ಮಾಡೋರು ಬೇಕಾದಷ್ಟು ಜನ ಇದಾರೆ. ಅವರ ಡಿಗ್ರಿ ಭಾರತದ್ದಾದ್ದರಿಂದ ಆ ಸರಾಗ ದಾರಿ ನೇರವಾಗಿ ಸಿಗಲ್ಲ. ಮಾನ್ಯತೆ ಕೊಟ್ಟ ದೇಶದಲ್ಲೇ ಅದೇ ವೃತ್ತಿಲಿ 3 ವರ್ಷ ಕೆಲಸ ಮಾಡಿದ ಮೇಲೆ ಆ ದೇಶ ಅದನ್ನ ಬರೆದು ಕೊಟ್ರೆ ಬೇರೆ ದೇಶದಲ್ಲೂ ಯುರೋಪಿಯನ್ ನಿಯಮದಡಿ ಪರಿಗಣಿಸ್ತಾರೆ. ಅನುಭವದ ಪತ್ರ ಜೋಪಾನವಾಗಿ ಇಟ್ಕೊಳ್ಳಿ.

ಕೆಲಸ ಹೋದಾಗ ಏನು ಅನ್ನೋದಕ್ಕೆ ಯೂ2 ಅಂತ ಒಂದು ಫಾರ್ಮ್ ಇದೆ, ನಂಗೆ ಇದು ಇಡೀ ವ್ಯವಸ್ಥೆಲೇ ಅತಿ ಸುಂದರವಾದ ಐಡಿಯಾ. ನೀವು ಪೋರ್ಚುಗಲ್‌ನಲ್ಲಿ ಕೆಲಸ ಕಳ್ಕೊಂಡ್ರಿ ಅನ್ಕೊಳ್ಳಿ, ಸಾಮಾನ್ಯವಾಗಿ 4 ವಾರ ಅಲ್ಲಿ ನಿರುದ್ಯೋಗಿ ಅಂತ ರಿಜಿಸ್ಟರ್ ಆಗಿದ್ದು, ಆಮೇಲೆ ಪೋರ್ಚುಗಲ್ ಕೊಡೋ ಭತ್ಯೆನೇ ತಗೊಂಡು ನೆದರ್‌ಲ್ಯಾಂಡ್ಸ್‌ಗೆ ಹೋಗಿ 3 ತಿಂಗಳು ಕೆಲಸ ಹುಡುಕಬಹುದು. ಕಚೇರಿಯವರು ಒಪ್ಪಿದ್ರೆ 6 ತಿಂಗಳು. ಹೋದ ದೇಶದಲ್ಲಿ 7 ದಿನದೊಳಗೆ ರಿಜಿಸ್ಟರ್ ಆಗಬೇಕು. ಆದ್ರೆ ಲೆಕ್ಕ ಹಾಕಿ, ಪೋರ್ಚುಗಲ್ ಸಂಬಳದ ಮೇಲೆ ಬರೋ ಭತ್ಯೆ, ಆಮ್‌ಸ್ಟರ್‌ಡ್ಯಾಮ್‌ನ ಬಾಡಿಗೆ. ಜೊತೆಗೆ 3 ತಿಂಗಳಲ್ಲಿ ಯಾರು ಡಚ್ ಕಲೀತಾರೆ? ಆ 6 ತಿಂಗಳು ಎಲ್ಲರಿಗೂ ಹಕ್ಕಾಗಿ ಸಿಗಬೇಕು ಅಂತ ನಾನಂತೂ ಅಂತೀನಿ. ಇನ್ನರ್ಧ ಪಾಯಿಂಟ್ ಇಲ್ಲಿ ಹೋಯ್ತು.

ಇನ್ನು ನಮ್ಮಂಥವರ ಕಥೆ, ಯುರೋಪಿಯನ್ ಪಾಸ್‌ಪೋರ್ಟ್ ಇಲ್ಲದವರದ್ದು. ಸೈಟು ನೋಡಬಹುದು, ಓದಬಹುದು, ಆದ್ರೆ ಜಾಹೀರಾತು ಕಂಡ ಮಾತ್ರಕ್ಕೆ ಅಲ್ಲಿ ಕೆಲಸ ಮಾಡೋ ಹಕ್ಕು ಇದೆ ಅಂತ ಅಲ್ಲ. ನನ್ನ ಹೆಂಡತಿಯ ಪರ್ಮಿಟ್ ಜರ್ಮನಿಗೆ ಮಾತ್ರ. ಟ್ರಾಮ್ ಹತ್ತಿ ಸ್ಟ್ರಾಸ್‌ಬರ್ಗ್‌ಗೆ ಹೋಗಿ ತರಕಾರಿ ತರಬಹುದು, ಕೆಲಸಕ್ಕೆ ಸೇರೋಕೆ ಫ್ರೆಂಚರ ಅನುಮತಿ ಬೇರೆ ಬೇಕು. ಬ್ಲೂ ಕಾರ್ಡ್ ಇದ್ದೋರಿಗೆ ಹೊಸ ನಿಯಮದಲ್ಲಿ ಪರವಾಗಿಲ್ಲ, ಮೊದಲ ದೇಶದಲ್ಲಿ 12 ತಿಂಗಳು ಆದ ಮೇಲೆ ಇನ್ನೊಂದು ಸದಸ್ಯ ದೇಶಕ್ಕೆ ಕೆಲಸಕ್ಕೆ ಹೋಗಬಹುದು, ಹೋಗಿ ಒಂದು ತಿಂಗಳೊಳಗೆ ಅಲ್ಲಿ ಬ್ಲೂ ಕಾರ್ಡ್‌ಗೆ ಅರ್ಜಿ ಹಾಕಬೇಕು, ಮನೆಯವರನ್ನೂ ಕರ್ಕೊಂಡು ಹೋಗಬಹುದು. ಐರ್ಲೆಂಡ್ ಈ ವ್ಯವಸ್ಥೇಲಿ ಇಲ್ಲ, ಯೂರೋ ಬಳಸಿದ್ರೂ ಇಲ್ಲ, ಡಬ್ಲಿನ್ ಆಫರ್ ಬಂದ್ರೆ ಅದಕ್ಕೆ ಪೂರ್ತಿ ಬೇರೆ ಪರ್ಮಿಟ್. ಯುರೋಪಿಗೆ ಜನ ಓಡಾಡೋದು ಇಷ್ಟು ಬೇಕಾಗಿರುವಾಗ, ಊರು ಬಿಟ್ಟು ಬಂದು ಎಲ್ಲಿಗೆ ಬೇಕಾದ್ರೂ ಹೋಗೋಕೆ ತಯಾರಿರೋ ನಮ್ಮಂಥವರಿಗೇ ಕಾಲಿಗೆ ಹಗ್ಗ ಕಟ್ಟಿರೋದು ಯಾವ ನ್ಯಾಯ? ಇದು ಯೂರೆಸ್ ತಪ್ಪಲ್ಲ, ಕಾನೂನು ಮಾಡೋರದ್ದು.

ನಮ್ಮಲ್ಲೂ ರೂಪಾಯಿ ಒಂದೇ, ಆರ್‌ಬಿಐ ಬಡ್ಡಿ ದರ ಒಂದೇ, ಯಾದಗಿರಿಯಿಂದ ಮುಂಬೈಗೋ ಬೆಂಗಳೂರಿಗೋ ಹೋಗೋರಿಗೆ ಪರ್ಮಿಟ್ ಕೇಳಲ್ಲ. ಜೊತೆಗೆ ಕೇಂದ್ರದಿಂದ ರಾಜ್ಯಗಳಿಗೆ ಹಣಕಾಸು ಆಯೋಗದ ಮೂಲಕ ತೆರಿಗೆ ಪಾಲು ಹೋಗುತ್ತೆ (ಕರ್ನಾಟಕಕ್ಕೆ ಎಷ್ಟು ಬರಬೇಕು ಅನ್ನೋ ಜಗಳ ಬೇರೆ, ಅದಕ್ಕೆ ಇಲ್ಲಿ ಜಾಗ ಇಲ್ಲ). ಯುರೋಪಲ್ಲಿ ಆ ಮೂರನೇ ದಾರಿ ತುಂಬಾ ಸಣ್ಣದು, ಯೂನಿಯನ್ ಬಜೆಟ್ ಸದಸ್ಯ ದೇಶಗಳ ಒಟ್ಟು ರಾಷ್ಟ್ರೀಯ ಆದಾಯದ ಶೇ. 1 ರ ಆಸುಪಾಸು ಅಷ್ಟೇ. ಆದ್ರೂ 2020 ರಲ್ಲಿ ಒಂದು ಒಳ್ಳೇ ಕೆಲಸ ಆಯ್ತು. ಕೊರೊನಾ ಬಂದಾಗ ಜರ್ಮನಿಲಿ ಕುರ್ಟ್ಸ್‌ಆರ್ಬೈಟ್ ಅನ್ನೋ ಹಳೇ ವ್ಯವಸ್ಥೆ ಇತ್ತು, ಕಂಪನಿ ಜನರನ್ನ ತೆಗೆಯೋ ಬದಲು ಕೆಲಸದ ಗಂಟೆ ಕಮ್ಮಿ ಮಾಡುತ್ತೆ, ಕೈಗೆ ಬರೋ ಸಂಬಳದಲ್ಲಿ ಕಳೆದುಹೋದದ್ದಕ್ಕೆ ಸರ್ಕಾರ ಶೇ. 60, ಮಕ್ಕಳಿದ್ರೆ ಶೇ. 67 ಕೊಡುತ್ತೆ. ಆ ವಸಂತದಲ್ಲಿ 60 ಲಕ್ಷದ ಹತ್ರ ಜನ ಅದರಲ್ಲಿದ್ರು. ಬೇರೆ ದೇಶಗಳೂ ಇಂಥದ್ದು ಮಾಡ್ಲಿ ಅಂತ ಯೂನಿಯನ್ ಶ್ಯೂರ್ ಅನ್ನೋ ಯೋಜನೆ ತಂದು 10,000 ಕೋಟಿ ಯೂರೋ ತನಕ ಸಾಲ ಕೊಡೋಕೆ ತಯಾರಾಯ್ತು, 19 ದೇಶ ತಗೊಂಡ್ವು, ಇಟಲಿ ಸ್ಪೇನ್‌ಗೆ ದೊಡ್ಡ ಪಾಲು. ಜನ ಕೆಲಸ ಕಳ್ಕೊಳ್ಳದೆ, ಊರು ಬಿಡದೆ, ಸಂಬಳ ಪೂರ್ತಿ ಇಳಿಯದೆ ದಾಟಿದ್ರು. 2012 ಕ್ಕೂ 2020 ಕ್ಕೂ ಎಷ್ಟು ವ್ಯತ್ಯಾಸ! ಆ ಯೋಜನೆ 2022ರ ಕೊನೆಗೆ ಮುಗೀತು, ಅದನ್ನ ಕಾಯಂ ಮಾಡಬೇಕಿತ್ತು.

ಯಾಕಂದ್ರೆ ಜನ ಹೋಗೋದೂ ಪುಕ್ಕಟೆ ಅಲ್ಲ. ಲಾಟ್ವಿಯಾದಿಂದ, ಪೋರ್ಚುಗಲ್‌ನಿಂದ, ಗ್ರೀಸ್‌ನಿಂದ ಓದಿದ ಹುಡುಗ ಹುಡುಗಿಯರು ಹೋದ್ರು, ಗ್ರೀಕ್ ಡಾಕ್ಟರ್‌ಗಳು ಜರ್ಮನ್ ಆಸ್ಪತ್ರೆ ಸೇರಿದ್ರು. ಓದಿಸಿದ ಖರ್ಚು ಅಲ್ಲಿಯವರದ್ದು, ಟ್ಯಾಕ್ಸ್ ಇಲ್ಲಿಗೆ. ಕೆಲಸ ಇರೋ ಕಡೆ ಹೋಗೋ ಹಕ್ಕು ಇರಬೇಕು, ಹೋಗಲೇಬೇಕಾದ ಪರಿಸ್ಥಿತಿ ಇರಬಾರದು. ಒಂದು ಸಮಾಧಾನ ಅಂದ್ರೆ ಪೆನ್ಷನ್ ಹೋಗಲ್ಲ, ಬೇರೆ ಬೇರೆ ದೇಶದಲ್ಲಿ ದುಡಿದ ವರ್ಷಗಳನ್ನ ಕೂಡಿಸಿ ಅರ್ಹತೆ ನೋಡ್ತಾರೆ, ಒಂದೊಂದು ದೇಶ ಅದರ ಪಾಲು ಕೊಡುತ್ತೆ.

ಉಳಿದ ಅರ್ಧ ಪಾಯಿಂಟ್ ಯಾಕೆ ಕಟ್ ಅಂದ್ರೆ ಪ್ರಚಾರ ಸಾಲದು. ಇಷ್ಟು ವರ್ಷದಿಂದ ಇರೋ ಸರ್ವಿಸ್, ನಮ್ಮ ಕನ್ನಡ ಕೂಟದಲ್ಲಿ ಕೇಳಿದ್ರೆ ಹೆಚ್ಚಿನವರಿಗೆ ಹೆಸರೇ ಗೊತ್ತಿರ್ಲಿಲ್ಲ.

ಬಳಸೋರಿಗೆ: ಮೊದಲು ಹೋಗಬೇಕು ಅನ್ಕೊಂಡಿರೋ ದೇಶದ ಬದುಕು ಮತ್ತು ಕೆಲಸದ ಪುಟ ಪೂರ್ತಿ ಓದಿ, ಆಮೇಲೆ ಕೆಲಸ ಹುಡುಕಿ. ಗಡಿ ಹತ್ರ ಇದ್ರೆ ಸಲಹೆಗಾರರ ಅಪಾಯಿಂಟ್‌ಮೆಂಟ್ ತಗೊಳ್ಳಿ, ಪ್ರಶ್ನೆಗಳನ್ನ ಬರ್ಕೊಂಡು ಹೋಗಿ, ನಿಮ್ಮ ಪರ್ಮಿಟ್ ಕಾರ್ಡಿನ ಎರಡೂ ಕಡೆ ಕಾಪಿ ಇಟ್ಕೊಳ್ಳಿ, ಹಿಂದೆ ಬರೆದಿರೋ ಸಣ್ಣ ಅಕ್ಷರದಲ್ಲೇ ಕೆಲಸದ ಷರತ್ತು ಇರೋದು.